ಹೆಪ್ಪುನಿರೋಧಕ ಮಾತ್ರೆ ಮತ್ತು ಕಾಲುನೋವು: ಲೆಕ್ಕಕ್ಕೆ ಸಿಗದ ದೂರಿನ ಹಿನ್ನೆಲೆ

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುವವರು ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಈಗ ವಿರಳವಲ್ಲ. ಹೃದಯದ ವಾಲ್ವ್ ಬದಲಿಸಿಕೊಂಡವರು, ಎದೆಬಡಿತದ ಲಯ ತಪ್ಪಿದವರು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದವರು, ಕೋವಿಡ್ ಕಾಲದಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೆಲವು ವಾರಗಳ ಮಟ್ಟಿಗೆ ಬರೆಸಿಕೊಂಡವರು, ಹೀಗೆ ಬಗೆಬಗೆಯ ಜನ ಈ ಸಾಲಿನಲ್ಲಿದ್ದಾರೆ. ಇವರಲ್ಲಿ ಹಲವರಿಂದ ಕೇಳಿಬರುವ ದೂರು ಒಂದೇ ತೆರನಾದದ್ದು: ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ, ಅಂಗಾಲು ಉರಿಯುತ್ತದೆ, ಬೆರಳು ಜೋಮು ಹಿಡಿಯುತ್ತದೆ. ಇದು ಮಾತ್ರೆಯ ಅಡ್ಡಪರಿಣಾಮವೆಂದು ಒಬ್ಬರು, ವಯಸ್ಸಿನ ದೋಷವೆಂದು ಇನ್ನೊಬ್ಬರು, ಸಕ್ಕರೆ ಕಾಯಿಲೆಯೆಂದು ಮತ್ತೊಬ್ಬರು ಹೇಳುತ್ತಾರೆ. ಮೂವರ ಮಾತಿಗೂ ಆಧಾರವಿರುವುದೇ ಈ ವಿಷಯ ಗೋಜಲಾಗಲು ಕಾರಣ.

1916ರಲ್ಲಿ ಹೆಪಾರಿನ್ ಎಂಬ ಹೆಪ್ಪುನಿರೋಧಕ ಪತ್ತೆಯಾದದ್ದು, 1920ರ ದಶಕದಲ್ಲಿ ಬೂಷ್ಟು ಹಿಡಿದ ಕ್ಲೋವರ್ ಮೇವು ತಿಂದ ಉತ್ತರ ಅಮೆರಿಕದ ದನಗಳು ರಕ್ತಸ್ರಾವದಿಂದ ಸತ್ತದ್ದು, ಅದರ ಜಾಡು ಹಿಡಿದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ತಂಡ ಕಾರಣವಾದ ರಾಸಾಯನಿಕವನ್ನು ಬೇರ್ಪಡಿಸಿದ್ದು, ಅದೇ ಗುಂಪಿನ, 1948ರಲ್ಲಿ ಇಲಿ ಪಾಷಾಣವಾಗಿ ಬಂದ ವಾರ್ಫರಿನ್ 1954ರಲ್ಲಿ ಮನುಷ್ಯರ ಔಷಧವಾದದ್ದು ಹಲವರಿಗೆ ಗೊತ್ತಿರುವ ಕಥೆ. ಕಾಲಿನ ಪ್ರಸ್ತಾಪ ಸ್ಪಷ್ಟವಾಗಿ ಬರುವುದು 1961ರಲ್ಲಿ. ಫೆಡರ್ ಮತ್ತು ಔಅರ್‌ಬಾಕ್ ಎಂಬ ವೈದ್ಯರು ಈ ಗುಂಪಿನ ಮಾತ್ರೆ ಆರಂಭಿಸಿದ ಕೆಲವರ ಕಾಲ್ಬೆರಳು ನೇರಳೆ ಬಣ್ಣಕ್ಕೆ ತಿರುಗಿ ನೋಯುವುದನ್ನು ವರದಿ ಮಾಡಿದರು. ಸಾಮಾನ್ಯವಾಗಿ ಮಾತ್ರೆ ಶುರುವಾಗಿ ಮೂರರಿಂದ ಎಂಟು ವಾರಗಳೊಳಗೆ ಇದು ಕಾಣಿಸಿಕೊಳ್ಳುತ್ತದೆ. ಮಹಾಪಧಮನಿಯ ಗೋಡೆಗಂಟಿದ ಕೊಬ್ಬಿನ ಪದರದಿಂದ ಕೊಲೆಸ್ಟರಾಲ್ ಹರಳುಗಳು ಸಡಿಲಗೊಂಡು, ರಕ್ತದೊಡನೆ ಇಳಿದು, ಬೆರಳುಗಳ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುವುದು ಇದಕ್ಕೆ ಕಾರಣವೆಂದು ವಿವರಿಸಲಾಗಿದೆ. ವಿಚಿತ್ರವೆಂದರೆ, ಪಾದದ ನಾಡಿ ಮಾತ್ರ ಚೆನ್ನಾಗಿಯೇ ಬಡಿಯುತ್ತಿರುತ್ತದೆ. ಅದನ್ನಷ್ಟೇ ಮುಟ್ಟಿ ನೋಡಿದವರಿಗೆ ಎಲ್ಲವೂ ಸರಿಯಿದೆ ಎನಿಸುವ ಸಾಧ್ಯತೆ ಇದೆ. ಇದು ಅಪರೂಪದ ತೊಂದರೆ. ಅಪರೂಪವೆಂಬ ಕಾರಣಕ್ಕೇ ಪಠ್ಯಪುಸ್ತಕದ ಅಡಿಟಿಪ್ಪಣಿಗೆ ಸರಿಯಿತು, ಅದರ ಜೊತೆಗೆ ಸಾಮಾನ್ಯ ಕಾಲುನೋವಿನ ದೂರೂ ಬದಿಗೆ ಸರಿಯಿತು.

ನಮ್ಮ ಭಾಗದ ಮಟ್ಟಿಗೆ ಈ ಔಷಧದ ನಿಜವಾದ ಚರಿತ್ರೆ ವಾಲ್ವ್ ಆಪರೇಷನ್ ಆದವರ ಚರಿತ್ರೆ. ಬಾಲ್ಯದಲ್ಲಿ ಗಂಟಲು ನೋವಿನ ಬೆನ್ನಿಗೆ ಬಂದ ರುಮ್ಯಾಟಿಕ್ ಜ್ವರ ವಾಲ್ವನ್ನು ಕೆಡಿಸಿ, ಮೂವತ್ತು ನಲವತ್ತರ ವಯಸ್ಸಿಗೆ ಏದುಸಿರು ತಂದು, ಬೆಂಗಳೂರಿನ ಆಸ್ಪತ್ರೆಗಳಲ್ಲಿ ಲೋಹದ ವಾಲ್ವ್ ಹಾಕಿಸಿಕೊಂಡು ಊರಿಗೆ ಮರಳಿದವರಿಗೆ ಜೀವನಪೂರ್ತಿ ಅಸಿಟ್ರಾಮ್ ಅಥವಾ ವಾರ್ಫರಿನ್ ತಪ್ಪದು. ಅಂಥವರ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ದಿನದ ಚೌಕಗಳೊಳಗೆ ಒಂದು, ಒಂದೂವರೆ, ಒಂದು ಎಂದು ಪೆನ್ನಿನಲ್ಲಿ ಬರೆದಿರುತ್ತದೆ. ಅರ್ಧ ಮಾತ್ರೆಯನ್ನು ಬ್ಲೇಡಿನಿಂದ ಕತ್ತರಿಸಿ ಉಳಿದರ್ಧವನ್ನು ಸ್ಟ್ರಿಪ್ಪಿನೊಳಗೇ ಮಡಚಿಟ್ಟಿರುತ್ತಾರೆ. ತಿಂಗಳಿಗೊಮ್ಮೆ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ಅಂಕಿಯಲ್ಲಿ ತೋರಿಸುವ ರಕ್ತಪರೀಕ್ಷೆ. ಸಾಮಾನ್ಯವಾಗಿ ಅಂಕಿ 2ರಿಂದ 3ರೊಳಗೆ, ಮೈಟ್ರಲ್ ಸ್ಥಾನದ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ) ಲೋಹದ ವಾಲ್ವ್ ಇದ್ದರೆ 2.5ರಿಂದ 3.5ರೊಳಗೆ ಇರಬೇಕು. ಮೆಂತ್ಯ, ಪಾಲಕ್, ನುಗ್ಗೆ ಸೊಪ್ಪುಗಳಲ್ಲಿ ರಕ್ತ ಹೆಪ್ಪುಗಟ್ಟಲು ನೆರವಾಗುವ ವಿಟಮಿನ್ ಕೆ ಹೇರಳವಾಗಿರುವುದರಿಂದ ಒಂದು ವಾರ ಸೊಪ್ಪಿನ ಸಾರೇ ಸಾರು, ಮರುವಾರ ಸೊಪ್ಪೇ ಇಲ್ಲ ಎಂದಾದರೆ ಈ ಅಂಕಿ ಹತ್ತಿ ಇಳಿಯುತ್ತದೆ. ಭೇಟಿಯ ಕೆಲವೇ ನಿಮಿಷಗಳು ಆ ಅಂಕಿಯನ್ನು ಹೊಂದಿಸುವುದರಲ್ಲೇ ಮುಗಿಯುತ್ತವೆ. ಅಂಕಿ ಸರಿಯಿದ್ದರೆ ರೋಗಿ ಸರಿಯಿದ್ದಾನೆ ಎಂಬ ಭಾವನೆ ನಿಧಾನವಾಗಿ ಬೇರೂರಿತು. ಕಾಲುನೋವು ಅಂಕಿಯಲ್ಲಿ ಕಾಣುವಂಥದ್ದಲ್ಲ.

ಇದೇ ವಾಲ್ವ್ ರೋಗಿಗಳಲ್ಲಿ ನೋವಿಗೆ ಇನ್ನೊಂದು ದಾರಿಯೂ ಇತ್ತು. ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ತೆಗೆದುಕೊಳ್ಳುವುದು, ಹೆಪ್ಪುನಿರೋಧಕದ ವಿಷಯ ಹೇಳದೆ ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿಕೊಳ್ಳುವುದು ನಮ್ಮಲ್ಲಿ ತೀರಾ ಸಹಜ. ಮೊದಲನೆಯದು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ, ಎರಡನೆಯದು ಸ್ನಾಯುವಿನೊಳಗೇ ರಕ್ತ ಕಟ್ಟುವಂತೆ ಮಾಡಬಹುದು. ಮೀನಖಂಡದಲ್ಲಿ ಹಾಗೆ ರಕ್ತ ಕಟ್ಟಿದರೆ ಕಾಲು ಬಿಗಿದು ಊದುತ್ತದೆ. ಹೊಟ್ಟೆಯ ಹಿಂಭಾಗದ ಸ್ನಾಯುವಿನಲ್ಲಿ ಕಟ್ಟಿದರೆ ತೊಡೆಗೆ ಹೋಗುವ ನರ ಒತ್ತಿಹೋಗಿ ತೊಡೆ ನೋಯುತ್ತದೆ, ಮಂಡಿ ಕುಸಿಯುತ್ತದೆ. ಇದು ವಾತವಲ್ಲ, ಎಣ್ಣೆ ನೀವಿ ಕಾಯುವಂಥದ್ದೂ ಅಲ್ಲ.

2010ರ ಆಸುಪಾಸಿನಲ್ಲಿ ಡಾಬಿಗಾಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್ ಎಂಬ ಹೊಸ ಹೆಪ್ಪುನಿರೋಧಕ ಮಾತ್ರೆಗಳು ಬಂದವು. ತಿಂಗಳ ಐಎನ್‌ಆರ್ ಬೇಡ, ಸೊಪ್ಪಿನ ಪಥ್ಯವೂ ಬೇಡ. ಪೇಟೆಂಟ್ ಅವಧಿ ಮುಗಿದ ಮೇಲೆ ಬೆಲೆಯೂ ಇಳಿಯಿತು. ರಿವರಾಕ್ಸಬಾನಿನ ಮಾಹಿತಿ ಪತ್ರದಲ್ಲಿ ಕೈಕಾಲು ನೋವು ಮತ್ತು ಸ್ನಾಯು ಸೆಳೆತಗಳ ಹೆಸರಿದೆ. ಆದರೆ ಅದು ಮುಖ್ಯವಾಗಿ ಸೊಂಟ, ಮಂಡಿ ಕೀಲು ಬದಲಿಸಿಕೊಂಡವರ ಮೇಲೆ ನಡೆದ ಪ್ರಯೋಗಗಳಿಂದ ಬಂದ ಮಾತು. ಅಲ್ಲಿ ನೂರಕ್ಕೆ ಒಂದಿಬ್ಬರಲ್ಲಿ ಕಂಡ ನೋವು ಮಾತ್ರೆಯದೋ ಆಪರೇಷನ್ನಿನದೋ ಎಂದು ಬಿಡಿಸಿ ಹೇಳುವುದು ಕಷ್ಟ. ಒಟ್ಟಾರೆ ಈ ಔಷಧಗಳ ದೊಡ್ಡ ಪ್ರಯೋಗಗಳು ಅಳೆಯಲು ಹೊರಟದ್ದು ಮುಖ್ಯವಾಗಿ ಎರಡನ್ನು, ಹೆಪ್ಪು ಮತ್ತು ರಕ್ತಸ್ರಾವ. ಜೀವ ಉಳಿಸುವ ದೃಷ್ಟಿಯಿಂದ ಅದು ತಪ್ಪಲ್ಲ. ಆದರೆ ಮುಖ್ಯ ಪ್ರಶ್ನೆಯಾಗಿ ಕೇಳದೇ ಇದ್ದದ್ದಕ್ಕೆ ಉತ್ತರ ಸಿಗಲಿಲ್ಲ ಎಂಬುದನ್ನು ತೊಂದರೆಯೇ ಇಲ್ಲ ಎಂದು ಓದಿಕೊಳ್ಳುವುದು ಅನ್ಯಾಯ. ಲೋಹದ ವಾಲ್ವ್ ಇದ್ದವರಿಗಂತೂ ಈ ಹೊಸ ಮಾತ್ರೆಗಳು ಸಲ್ಲವು. ರುಮ್ಯಾಟಿಕ್ ಕಾಯಿಲೆಯಿಂದ ಎದೆಬಡಿತದ ಲಯ ತಪ್ಪಿದವರಲ್ಲೂ ಹಳೆಯ ಮಾತ್ರೆಯೇ ಮೇಲೆಂದು 2022ರ ಇನ್ವಿಕ್ಟಸ್ ಅಧ್ಯಯನ ತೋರಿಸಿತು. ಹೀಗಾಗಿ ಕ್ಯಾಲೆಂಡರಿನ ಲೆಕ್ಕದವರಿಗೆ ಬಿಡುಗಡೆ ಸಿಕ್ಕಿಲ್ಲ.

ಮಾತ್ರೆಯನ್ನೇ ದೂರುವುದೂ ಸರಿಯಲ್ಲ. ಕಾಲಿನಲ್ಲಿ ಹೆಪ್ಪು ಕಟ್ಟಿದವರಿಗೆ, ಹೆಪ್ಪು ಕರಗಿದ ಮೇಲೂ ನಾಳದೊಳಗಿನ ಕವಾಟಗಳು ಕೆಟ್ಟು ಭಾರ, ಊತ, ನೋವು ವರ್ಷಗಟ್ಟಲೆ ಉಳಿಯಬಹುದು. ಜೊತೆಗೆ ನುಂಗುವ ಕೊಲೆಸ್ಟರಾಲ್ ಮಾತ್ರೆ ಕೆಲವರಲ್ಲಿ ಸ್ನಾಯುನೋವು ತರುತ್ತದೆ. ಸಕ್ಕರೆ ಕಾಯಿಲೆ ಪಾದದ ನರಗಳನ್ನು ಸುಡುತ್ತದೆ. ಚಿತ್ರದುರ್ಗ ಜಿಲ್ಲೆಯ ಬಯಲು ಊರುಗಳಲ್ಲಿ ಫ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ ನೀರನ್ನು ವರ್ಷಗಳ ಕಾಲ ಕುಡಿದವರ ಕೀಲು ಮೂಳೆಗಳ ನೋವು ಬೇರೆಯೇ ಇದೆ. ಈ ಎಲ್ಲವೂ ಒಬ್ಬನೇ ಮನುಷ್ಯನ ಎರಡು ಕಾಲುಗಳಲ್ಲಿ ಸೇರಿಕೊಂಡಿರುವಾಗ, ಹೃದಯದವರು ಹೃದಯವನ್ನೂ ಮೂಳೆಯವರು ಮೂಳೆಯನ್ನೂ ನೋಡಿ ಕಳಿಸಿದರೆ, ಕಾಲನ್ನು ಇಡಿಯಾಗಿ ನೋಡುವವರು ಯಾರೂ ಉಳಿಯುವುದಿಲ್ಲ.

ಒಂದೇ ಕಾಲು ಹಠಾತ್ತನೆ ಊದಿದರೆ, ಬೆರಳು ನೇರಳೆಯಾದರೆ ಅಥವಾ ಬಿಳಿಚಿ ತಣ್ಣಗಾದರೆ, ತೊಡೆಯ ಶಕ್ತಿ ಕುಂದಿದರೆ, ಮಾತ್ರೆ ಆರಂಭಿಸಿದ ಮೊದಲ ವಾರದಲ್ಲೇ ಚರ್ಮ ನೋಯುತ್ತ ಕಪ್ಪಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಉಳಿದ ನೋವಿಗೆ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ವೈದ್ಯರ ಮುಂದೆ ಸುರಿಯುವುದು ಒಳ್ಳೆಯದು. ನೋವಿನ ಸಿಟ್ಟಿಗೆ ತಾವಾಗಿಯೇ ಹೆಪ್ಪುನಿರೋಧಕ ನಿಲ್ಲಿಸಿದರೆ ವಾಲ್ವಿನಲ್ಲೇ ಹೆಪ್ಪು ಕಟ್ಟೀತು, ಲಕ್ವ ಹೊಡೆದೀತು. ಔಷಧದ ಅಡ್ಡಪರಿಣಾಮ ದಾಖಲಿಸಲು 2010ರಿಂದ ರಾಷ್ಟ್ರೀಯ ಕಾರ್ಯಕ್ರಮವೊಂದಿದ್ದು, ಅದರ ಉಚಿತ ಸಹಾಯವಾಣಿ 1800-180-3024ಕ್ಕೆ ವೈದ್ಯರಷ್ಟೇ ಅಲ್ಲ, ರೋಗಿ ಅಥವಾ ಮನೆಯವರೂ ಕರೆ ಮಾಡಿ ಕಾಲುನೋವಿನ ದೂರನ್ನು ಬರೆಸಬಹುದು.