ದೇಶ ಚೇತರಿಸಿಕೊಂಡಿದ್ದರೆ ನಮ್ಮ ಜಿಲ್ಲೆಯಲ್ಲಿ ಅದೇಕೆ ಕಾಣುತ್ತಿಲ್ಲ?

ಪ್ರಶ್ನೆ: ಕೊರೊನಾ ಕಾಲದ ಆರ್ಥಿಕ ಹಿಂಜರಿತ ಮುಗಿಯಿತು, ಜಿಡಿಪಿ ಏರುತ್ತಿದೆ ಎಂದು ಮೂರು ತಿಂಗಳಿಗೊಮ್ಮೆ ಓದುತ್ತೇವೆ. ಯಾದಗಿರಿ, ಕಲಬುರಗಿ ಕಡೆ ಅದರ ಸುಳಿವೇ ಇಲ್ಲ. ಲೆಕ್ಕವೇ ಸುಳ್ಳೋ? ಈ ಬೆಳವಣಿಗೆ ಮುಂದೆಯಾದರೂ ನಮ್ಮವರೆಗೆ ಬಂದೀತೇ?

ಉತ್ತರ: ಸುಳ್ಳಲ್ಲ. ಆದರೆ ಆ ಲೆಕ್ಕವನ್ನು ನಿಮ್ಮ ಜಿಲ್ಲೆಯ ಬದುಕನ್ನು ಅಳೆಯುವುದಕ್ಕಾಗಿ ಮಾಡಿದ್ದಲ್ಲ.

ಹಿಂಜರಿತದ ಮರುವರ್ಷದ ಶೇಕಡಾವಾರು ಅಂಕಿಯನ್ನು ಯಾವಾಗಲೂ ಅನುಮಾನದಿಂದಲೇ ಓದಬೇಕು. 2021ರ ಏಪ್ರಿಲ್–ಜೂನ್‌ನಲ್ಲಿ ದೇಶದ ಜಿಡಿಪಿ, ಅಂದರೆ ಒಟ್ಟು ಉತ್ಪಾದನೆ, ಹಿಂದಿನ ವರ್ಷದ ಅದೇ ಅವಧಿಗಿಂತ ಶೇ 20.1ರಷ್ಟು ಬೆಳೆಯಿತು ಎಂದು ಆಗ ಪ್ರಕಟವಾಯಿತು. ಕೇಳಲು ಭರ್ಜರಿಯಾಗಿಯೇ ಇತ್ತು. ಅದೇ ಪ್ರಕಟಣೆಯ ಪ್ರಕಾರ 2019ರ ಅದೇ ಮೂರು ತಿಂಗಳಲ್ಲಿ ಉತ್ಪಾದನೆ 35.66 ಲಕ್ಷ ಕೋಟಿ ರೂಪಾಯಿ ಇತ್ತು. ಲಾಕ್‌ಡೌನ್‌ನ 2020ರಲ್ಲಿ ಅದು 26.95 ಲಕ್ಷ ಕೋಟಿಗೆ ಕುಸಿದು, 2021ರಲ್ಲಿ 32.38 ಲಕ್ಷ ಕೋಟಿಗೆ ಏರಿತು. ಅಂದರೆ ಶೇ 20ರ ಜಿಗಿತದ ನಂತರವೂ ದೇಶ ಎರಡು ವರ್ಷ ಹಿಂದಿನ ಮಟ್ಟಕ್ಕಿಂತ ಶೇ 9ರಷ್ಟು ಕೆಳಗೇ ಇತ್ತು. ನೂರು ರೂಪಾಯಿ 76ಕ್ಕೆ ಇಳಿದರೆ ಮತ್ತೆ ನೂರು ಮುಟ್ಟಲು ಶೇ 31ಕ್ಕೂ ಹೆಚ್ಚು ಏರಬೇಕು. ಇಷ್ಟು ಸರಳ ಗಣಿತವನ್ನು ಸುದ್ದಿಯ ಶೀರ್ಷಿಕೆಗಳು ಬಹಳ ಸಲ ನುಂಗಿಹಾಕುತ್ತವೆ. ಆಮೇಲೆ ಆ ಕೊರತೆ ತುಂಬಿದ್ದು ನಿಜ. 2024-25ರಲ್ಲಿ ಬೆಳವಣಿಗೆ ಶೇ 6.5 ಎಂಬ ತಾತ್ಕಾಲಿಕ ಅಂದಾಜು ಬಂದಾಗ ಅದರಲ್ಲಿ ಹಿಂದಿನ ವರ್ಷದ ಕುಸಿತದಿಂದಾಗಿ ಅಂಕಿ ದೊಡ್ಡದಾಗಿ ಕಾಣುವ ಈ ಕಣ್ಕಟ್ಟು ಇರಲಿಲ್ಲ.

ಇನ್ನು ನಿಮ್ಮ ಭಾಗದ ಮಾತು. ಭಾರತ ಹಿಂದೆ ಕಂಡ ದೊಡ್ಡ ಹಿನ್ನಡೆಗಳಲ್ಲಿ ಹೆಚ್ಚಿನವು ಹೊಲದಲ್ಲಿ ಹುಟ್ಟಿದವು. 1979-80ರಲ್ಲಿ ಬರ ಬಿದ್ದು, ಜೊತೆಗೆ ಕಚ್ಚಾತೈಲದ ಬೆಲೆಯೂ ಏರಿ, ಜಿಡಿಪಿ ಶೇ 5ರಷ್ಟು ಕುಗ್ಗಿತ್ತು. ಮರುವರ್ಷ ಮಳೆ ಬಂತು, ಬೆಳೆ ಬಂತು, ಹಳ್ಳಿಯ ಕೈಗೆ ಕಾಸೂ ಬಂತು. 2020ರಲ್ಲಿ ಎಲ್ಲವೂ ತಿರುವುಮುರುವು. ಆ ಏಪ್ರಿಲ್–ಜೂನ್‌ನಲ್ಲಿ ಕೃಷಿ ಶೇ 3.4ರಷ್ಟು ಬೆಳೆದರೆ, ಕಟ್ಟಡ ನಿರ್ಮಾಣ ಅರ್ಧಕ್ಕರ್ಧ ಬಿತ್ತು. ವ್ಯಾಪಾರ, ಹೋಟೆಲ್, ಸಾರಿಗೆ ಶೇ 47ರಷ್ಟು ಕುಸಿದವು.

ಹಾಗಾದರೆ ಕೃಷಿ ಜಿಲ್ಲೆಗಳು ಬಚಾವಾಗಬೇಕಿತ್ತಲ್ಲವೇ? ಇಲ್ಲ, ಏಕೆಂದರೆ ಯಾದಗಿರಿ, ರಾಯಚೂರು, ಕಲಬುರಗಿಯ ಅದೆಷ್ಟೋ ಮನೆಗಳಲ್ಲಿ ವರ್ಷದ ನಗದು ಬರುವುದು ಗುಳೆಯಿಂದ. ಬೆಂಗಳೂರಿನ ಕಟ್ಟಡದಲ್ಲಿ ಸೆಂಟ್ರಿಂಗ್ ಮಾಡುವವನ ದುಡಿಮೆ ಬೆಂಗಳೂರಿನ ಉತ್ಪಾದನೆಯ ಖಾತೆಗೆ ಹೋಗುತ್ತದೆ. ಅವನು ಊರಿಗೆ ಕಳಿಸುವ ಹಣ ಜಿಲ್ಲೆಯ ಉತ್ಪಾದನೆಯ ಲೆಕ್ಕದಲ್ಲಿ ಬರುವುದೇ ಇಲ್ಲ. ಹೀಗಾಗಿ ಆ ಹಣ ನಿಂತಾಗ ನಿಮ್ಮ ಜಿಲ್ಲೆಗೆ ಬಿದ್ದ ಪೆಟ್ಟೂ ಜಿಲ್ಲೆಯ ಅಂಕಿಅಂಶದಲ್ಲಿ ಪೂರ್ತಿ ಕಾಣುವುದಿಲ್ಲ.

ಊರಿಗೆ ಮರಳಿದವರು ಏನು ಮಾಡಿದರು ಎಂಬುದು ಜಿಡಿಪಿಗಿಂತ ಹೆಚ್ಚು ಹೇಳುತ್ತದೆ. ಕೇಂದ್ರದ ಕಾರ್ಮಿಕ ಸಮೀಕ್ಷೆಯ ಪ್ರಕಾರ 2018-19ರಲ್ಲಿ ದೇಶದ ದುಡಿಯುವವರಲ್ಲಿ ಶೇ 42.5 ಮಂದಿ ಕೃಷಿಯಲ್ಲಿದ್ದರು. 2020-21ರಲ್ಲಿ ಆ ಪ್ರಮಾಣ ಶೇ 46.5ಕ್ಕೆ ಏರಿತು. ಸಂಕಟದಲ್ಲಿ ಹಾಗಾಗುವುದು ಸಹಜ. ಅಸಹಜವಾದದ್ದು ಮುಂದಿನದು: ಜಿಡಿಪಿ ಹಳೆಯ ಮಟ್ಟ ದಾಟಿ ಎಷ್ಟೋ ಕಾಲವಾದ ಮೇಲೂ, 2023-24ರಲ್ಲಿ, ಅದು ಶೇ 46.1ರಲ್ಲೇ ಇತ್ತು. ಈ ಏರಿಕೆಯಲ್ಲಿ ಸ್ವಂತ ಹೊಲದಲ್ಲಿ ಸಂಬಳವಿಲ್ಲದೆ ದುಡಿಯುವ ಹೆಣ್ಣುಮಕ್ಕಳ ಪಾಲು ದೊಡ್ಡದು. ಸಮೀಕ್ಷೆಯಲ್ಲಿ ಅವರಿಗೂ ಉದ್ಯೋಗವಿದೆ. ನನ್ನ ಲೆಕ್ಕದಲ್ಲಿ ಇದು ಚೇತರಿಕೆಯಲ್ಲ, ಅದೇ ರೊಟ್ಟಿಯನ್ನು ಇನ್ನಷ್ಟು ಕೈಗಳು ಹಂಚಿಕೊಂಡದ್ದು.

ದೇಶವನ್ನು ಮೇಲೆತ್ತಿದ್ದರಲ್ಲಿ ಮುಖ್ಯವಾದವು ಎರಡು: ಸಾಫ್ಟ್‌ವೇರ್ ಸೇರಿದಂತೆ ಸೇವೆಗಳ ರಫ್ತು, ಮತ್ತು ರಸ್ತೆ, ರೈಲುಗಳ ಮೇಲೆ ಸರ್ಕಾರ ಸುರಿದ ಬಂಡವಾಳ. ಕೇಂದ್ರದ ಬಂಡವಾಳ ವೆಚ್ಚ 2019-20ರ ಸುಮಾರು 3.4 ಲಕ್ಷ ಕೋಟಿಯಿಂದ 2024-25ರ ಬಜೆಟ್‌ನಲ್ಲಿ 11.11 ಲಕ್ಷ ಕೋಟಿಗೆ ಏರಿತು. ಸೇವೆಗಳ ರಫ್ತಿನ ಲಾಭ ನೇರವಾಗಿ ಸಿಕ್ಕಿದ್ದು ಬೆಂಗಳೂರಿಗೆ. ರಾಜ್ಯದ ಒಟ್ಟು ಉತ್ಪಾದನೆಯಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಪಾಲು ಬೆಂಗಳೂರು ನಗರ ಜಿಲ್ಲೆಯದು. ತಲಾ ಆದಾಯದಲ್ಲಿ ಅದಕ್ಕೂ ಕಲಬುರಗಿಗೂ ಸುಮಾರು ಐದು ಪಟ್ಟಿನ ಅಂತರ. ಈ ಅಂತರವನ್ನು ಹಿಂಜರಿತ ಹುಟ್ಟಿಸಲಿಲ್ಲ. 2002ರಲ್ಲೇ, ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತ್ತು. ಅತ್ಯಂತ ಹಿಂದುಳಿದ 39ರಲ್ಲಿ 21 ಆಗಿನ ಗುಲಬರ್ಗಾ ವಿಭಾಗದವು.

ಹಾಗಾದರೆ ಮುಂದೆ? ದೇಶ ಶೇ 6ರ ಆಸುಪಾಸಿನಲ್ಲಿ ಬೆಳೆಯುವುದು ಕಷ್ಟವೇನಲ್ಲ. ನಿಮ್ಮ ಜಿಲ್ಲೆಗೆ ಆ ಅಂಕಿಗಿಂತ ತೊಗರಿಯ ಧಾರಣೆ ಮುಖ್ಯ. ದೇಶದ ಗ್ರಾಹಕನಿಗೆ ಬೇಳೆ ಅಗ್ಗವಾಗಲೆಂದು 2021ರ ಮೇ ತಿಂಗಳಿಂದ ತೊಗರಿಯ ಆಮದನ್ನು ಮುಕ್ತಗೊಳಿಸಲಾಯಿತು, ಆ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಲಾಯಿತು. 2025ರ ಆರಂಭದಲ್ಲಿ, ಸುಗ್ಗಿಯ ಹೊತ್ತಿಗೆ ಸರಿಯಾಗಿ, ಮಾರುಕಟ್ಟೆಯ ಧಾರಣೆ ಕ್ವಿಂಟಲ್‌ಗೆ 7,550 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಹಣದುಬ್ಬರ ತಗ್ಗಿದ್ದು ದೇಶಕ್ಕೆ ಒಳ್ಳೆಯ ಸುದ್ದಿಯೇ. ಅದರ ಬೆಲೆ ತೆತ್ತವರಲ್ಲಿ ಕಲಬುರಗಿಯ ರೈತನೂ ಒಬ್ಬ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚೆಗೆ ವರ್ಷಕ್ಕೆ 5,000 ಕೋಟಿ ಘೋಷಣೆಯಾಗುತ್ತಿದೆ. ಅದು ಕಟ್ಟಡ, ಕಾಂಪೌಂಡ್‌ಗಳಲ್ಲಿ ಮುಗಿದರೆ ಆ ವರ್ಷದ ಕೂಲಿಯಷ್ಟೇ ಉಳಿಯುತ್ತದೆ. ನೀರಾವರಿ, ಗೋದಾಮು, ದಾಲ್ ಮಿಲ್, ನರ್ಸಿಂಗ್ ಮತ್ತು ಐಟಿಐ ತರಬೇತಿಗೆ ಹೋದರೆ ವರ್ಷವಿಡೀ ಸಂಬಳ ಕೊಡುವ ಕೆಲಸ ಹುಟ್ಟೀತು. ಹಾಗಾಗಿ ಮುಂದಿನ ಜಿಡಿಪಿ ಸುದ್ದಿ ಬಂದಾಗ ಅದರ ಜೊತೆಗೆ ಎರಡು ವಿಷಯ ಹುಡುಕಿ ನೋಡಿ: ಬೆಲೆಯೇರಿಕೆ ಕಳೆದ ಮೇಲೆ ಹಳ್ಳಿಯ ಕೂಲಿ ಏರಿತೇ, ಮತ್ತು ಕೃಷಿಯಲ್ಲಿ ದುಡಿಯುವವರ ಆ ಶೇ 46ರ ಪ್ರಮಾಣ ಇಳಿಯತೊಡಗಿತೇ. ಎರಡೂ ಕದಲದಿದ್ದರೆ, ದೇಶದ ಬೆಳವಣಿಗೆ ಶೇ 8 ಆದರೂ ದೀಪಾವಳಿ ಮುಗಿದ ಮೇಲೆ ಯಾದಗಿರಿಯಿಂದ ಹೊರಡುವ ಗುಳೆಯವರ ಸಂಖ್ಯೆ ಕಡಿಮೆಯಾಗುವುದಿಲ್ಲ.