ಗಂಟೆಗೆ 205 ಕಿ.ಮೀ. ಓಡಿದ ಸ್ಟ್ಯಾನ್ಲಿ ಉಗಿ ಕಾರು ಏಕೆ ಉಳಿಯಲಿಲ್ಲ?

ಪ್ರಶ್ನೆ: 1906ರಲ್ಲೇ ಗಂಟೆಗೆ 205 ಕಿ.ಮೀ. ವೇಗ ಮುಟ್ಟಿದ್ದ ಅಮೆರಿಕದ ಸ್ಟ್ಯಾನ್ಲಿ ಉಗಿ ಕಾರು ಆಮೇಲೆ ಎಲ್ಲಿ ಹೋಯಿತು? ಬಾಯ್ಲರ್ ಸಿಡಿಯುತ್ತಿತ್ತು ಎನ್ನುವವರಿದ್ದಾರೆ, ಪೆಟ್ರೋಲ್ ಕಂಪನಿಗಳು ಸೇರಿ ಮುಗಿಸಿದವು ಎನ್ನುವವರೂ ಇದ್ದಾರೆ. ಯಾವುದು ನಿಜ?

ಉತ್ತರ: ಎರಡೂ ಅಲ್ಲ. ಪೆಟ್ರೋಲ್ ಕಂಪನಿಗಳಿಗೆ ಈ ಕಾರಿನ ಮೇಲೆ ಹಗೆ ಇರಲು ಕಾರಣವೇ ಇರಲಿಲ್ಲ. ಸ್ಟ್ಯಾನ್ಲಿ ಓಡುತ್ತಿದ್ದದ್ದೂ ಪೆಟ್ರೋಲ್ ಮತ್ತು ಸೀಮೆಎಣ್ಣೆಯಿಂದಲೇ, ಅದೂ ಅದೇ ಕಾಲದ ಪೆಟ್ರೋಲ್ ಕಾರಿಗಿಂತ ಹೆಚ್ಚು ಕುಡಿಯುತ್ತಿತ್ತು. ಬಾಯ್ಲರಿನ ವಿಷಯ ಮುಂದೆ ಹೇಳುತ್ತೇವೆ. ಕಂಪನಿಯನ್ನು ಕೆಡವಿದ್ದು ಬೆಳಗಿನ ಇಪ್ಪತ್ತು ನಿಮಿಷ ಮತ್ತು ನಲವತ್ತು ಕಿಲೋಮೀಟರಿಗೊಮ್ಮೆ ಬೇಕಾಗುತ್ತಿದ್ದ ನೀರು.

ಫ್ರಾನ್ಸಿಸ್ ಮತ್ತು ಫ್ರೀಲನ್ ಸ್ಟ್ಯಾನ್ಲಿ ಅವಳಿ ಅಣ್ಣತಮ್ಮಂದಿರು. 1849ರಲ್ಲಿ ಮೇನ್ ರಾಜ್ಯದ ಕಿಂಗ್‌ಫೀಲ್ಡ್‌ನಲ್ಲಿ ಹುಟ್ಟಿದವರು. ಫೋಟೋಗ್ರಫಿಯ ಡ್ರೈ ಪ್ಲೇಟ್ ತಯಾರಿಸಿ ಮೊದಲೇ ಚೆನ್ನಾಗಿ ಸಂಪಾದಿಸಿದ್ದರು. 1897ರಲ್ಲಿ ಮೊದಲ ಉಗಿ ಕಾರು ಮಾಡಿದರು. 1899ರಲ್ಲಿ ಆ ಉದ್ಯಮವನ್ನು ಎರಡೂವರೆ ಲಕ್ಷ ಡಾಲರಿಗೆ ಮಾರಿಬಿಟ್ಟರು. ಕೊಂಡವರು ಅದಕ್ಕೆ ಲೋಕೋಮೊಬೀಲ್ ಎಂದು ಹೆಸರಿಟ್ಟರು. ಅದೇ ವರ್ಷದ ಆಗಸ್ಟ್ 31ರಂದು ಫ್ರೀಲನ್ ಮತ್ತು ಅವರ ಹೆಂಡತಿ ಫ್ಲೋರಾ ಅಂಥದೇ ಕಾರಿನಲ್ಲಿ ಮೌಂಟ್ ವಾಷಿಂಗ್ಟನ್ ಶಿಖರ ಹತ್ತಿದರು. ಅಲ್ಲಿಯವರೆಗೆ ಯಾವ ಕಾರೂ ಆ ತುದಿ ಕಂಡಿರಲಿಲ್ಲ. 1902ರ ಹೊತ್ತಿಗೆ ಅಣ್ಣತಮ್ಮಂದಿರು ಹೊಸ ವಿನ್ಯಾಸದೊಂದಿಗೆ ಮತ್ತೆ ಕಣಕ್ಕಿಳಿದರು. ಮ್ಯಾಸಚೂಸೆಟ್ಸ್‌ನ ಸ್ಟ್ಯಾನ್ಲಿ ಮೋಟಾರ್ ಕ್ಯಾರೇಜ್ ಕಂಪನಿ ಇದೇ.

ಈ ಹೊಸ ಕಾರಿನ ಸೊಗಸು ಅದರ ಸರಳತೆಯಲ್ಲಿತ್ತು. ಕೆಲವೇ ವರ್ಷಗಳಲ್ಲಿ ಬಾಯ್ಲರ್ ಮುಂದಕ್ಕೆ ಬಂತು, ಎಂಜಿನ್ ಹಿಂದೆ. ಎಂಜಿನ್ನಿನ ಹಲ್ಲುಚಕ್ರ ನೇರವಾಗಿ ಹಿಂದಿನ ಆಕ್ಸಲಿಗೆ ಕೂತಿತ್ತು. ಕ್ಲಚ್ ಇಲ್ಲ, ಗೇರ್‌ಬಾಕ್ಸ್ ಇಲ್ಲ. ಪೆಟ್ರೋಲ್ ಎಂಜಿನ್ ತಿರುಗುತ್ತಿದ್ದರೆ ಮಾತ್ರ ಬಲ ಕೊಡುತ್ತದೆ. ಅದಕ್ಕೇ ಕ್ಲಚ್ಚೂ ಗೇರೂ ಬೇಕು. ಉಗಿ ಹಾಗಲ್ಲ, ನಿಂತ ಪಿಸ್ಟನ್ನನ್ನೂ ಪೂರ್ತಿ ಬಲದಿಂದ ತಳ್ಳುತ್ತದೆ. ಸ್ಟ್ಯಾನ್ಲಿಗೆ ಇದ್ದದ್ದು ಎರಡೇ ಸಿಲಿಂಡರ್. 20 ಅಶ್ವಶಕ್ತಿಯ ಮಾದರಿಯಲ್ಲಿ ಅವುಗಳ ವ್ಯಾಸ 4 ಇಂಚು, ಪಿಸ್ಟನ್ ಓಡಾಟ 5 ಇಂಚು. ಆದರೆ ಉಗಿ ಪಿಸ್ಟನ್ನಿನ ಎರಡೂ ಬದಿಯಿಂದ ತಳ್ಳುತ್ತಿದ್ದುದರಿಂದ ಸುತ್ತಿಗೆ ನಾಲ್ಕು ತಳ್ಳು ಸಿಗುತ್ತಿತ್ತು. ಪೆಟ್ರೋಲಿನಲ್ಲಿ ಇಷ್ಟು ಬೇಕಾದರೆ ಎಂಟು ಸಿಲಿಂಡರ್ ಇರಬೇಕು. ಸದ್ದೂ ಇಲ್ಲ, ನಡುಕವೂ ಇಲ್ಲ.

20 ಅಶ್ವಶಕ್ತಿ ಎಂಬ ಸಂಖ್ಯೆ ನೋಡಿ ಮೋಸಹೋಗಬಾರದು. ಅದು ಬಾಯ್ಲರ್ ಬಿಡುವಿಲ್ಲದೆ ಕೊಡಬಲ್ಲ ಉಗಿಯ ಲೆಕ್ಕ. ಬಾಯ್ಲರಿನಲ್ಲಿ ಕೂಡಿಟ್ಟ ಒತ್ತಡವನ್ನು ಒಮ್ಮೆಲೇ ಬಿಟ್ಟರೆ ಸ್ವಲ್ಪ ಹೊತ್ತು ಅದರ ಹಲವು ಪಟ್ಟು ಬಲ ಬರುತ್ತಿತ್ತು. 1906ರ ಜನವರಿ 26ರಂದು ಫ್ಲೋರಿಡಾದ ಆರ್ಮಂಡ್ ಕಡಲತೀರದಲ್ಲಿ ಫ್ರೆಡ್ ಮ್ಯಾರಿಯಟ್ ಸ್ಟ್ಯಾನ್ಲಿ ರೇಸು ಕಾರಿನಲ್ಲಿ ಒಂದು ಮೈಲಿಯನ್ನು 28.2 ಸೆಕೆಂಡಿನಲ್ಲಿ ದಾಟಿದ್ದು ಹೀಗೆ. ಮೈಲಿ ಲೆಕ್ಕದಲ್ಲಿ ಅದು ಗಂಟೆಗೆ 127.66. ಉಗಿ ಕಾರುಗಳ ಮಟ್ಟಿಗೆ ಈ ದಾಖಲೆಯನ್ನು ಅಧಿಕೃತವಾಗಿ ಮುರಿಯಲು 2009ರವರೆಗೆ ಯಾರಿಗೂ ಆಗಲಿಲ್ಲ. ಉದ್ದನೆಯ ಏರಿನಲ್ಲಿ ಮಾತ್ರ ಕಥೆ ಬೇರೆ: ಕೂಡಿಟ್ಟದ್ದು ಖರ್ಚಾದ ಮೇಲೆ ಬಾಯ್ಲರ್ ಹುಟ್ಟಿಸಿದಷ್ಟೇ ಉಗಿ, ಅಷ್ಟೇ ವೇಗ. 1907ರಲ್ಲಿ ಮ್ಯಾರಿಯಟ್ ಅದೇ ತೀರದಲ್ಲಿ ಭೀಕರ ಅಪಘಾತಕ್ಕೆ ಸಿಕ್ಕಿ ಬದುಕುಳಿದರು. ಅಣ್ಣತಮ್ಮಂದಿರು ಅಲ್ಲಿಗೆ ರೇಸು ಬಿಟ್ಟರು.

ಈಗ ಬಾಯ್ಲರ್ ಸಿಡಿಯುವ ಮಾತು. 20 ಅಶ್ವಶಕ್ತಿಯ ಕಾರಿನದು 23 ಇಂಚು ವ್ಯಾಸದ, 14 ಇಂಚು ಎತ್ತರದ ಡ್ರಮ್. ಅದರೊಳಗೆ ನಿಲುವಾಗಿ ಸುಮಾರು 750 ಸಣ್ಣ ಕೊಳವೆ. ಕೆಳಗಿನ ಬರ್ನರಿನ ಬಿಸಿ ಗಾಳಿ ಕೊಳವೆಗಳೊಳಗೆ ಏರುತ್ತದೆ, ನೀರು ಅವುಗಳ ಸುತ್ತ ಇರುತ್ತದೆ. ಕೆಲಸದ ಒತ್ತಡ ಚದರ ಇಂಚಿಗೆ 500ರಿಂದ 600 ಪೌಂಡ್. ಮನೆಯ ಕುಕ್ಕರ್ ವಿಸಲ್ ಹಾಕುವುದು ಸುಮಾರು 15 ಪೌಂಡಿಗೆ, ಹೋಲಿಸಿ ನೋಡಿ. ಇಷ್ಟು ಒತ್ತಡ ತಡೆಯಲೆಂದು ಉಕ್ಕಿನ ಡ್ರಮ್ಮಿನ ಸುತ್ತ ಪಿಯಾನೋ ತಂತಿಯನ್ನು ಮೂರು ಪದರ ಬಿಗಿಯಾಗಿ ಸುತ್ತುತ್ತಿದ್ದರು. ನಿಜವಾದ ಕಾಟ ನೀರು ತಗ್ಗಿದಾಗ ಬರುತ್ತಿತ್ತು. ತಳದ ತಟ್ಟೆ ಕಾದು ಕೆಂಪಾಗಿ, ಕೊಳವೆಗಳ ತುದಿ ಸಡಿಲಗೊಂಡು ಸೋರುತ್ತಿದ್ದವು, ಸೋರಿದ ನೀರೂ ಉಗಿಯೂ ಬೆಂಕಿಯ ಮೇಲೇ ಬೀಳುತ್ತಿತ್ತು. ಅಂದರೆ ಡ್ರಮ್ ಬಿರಿಯುವುದಕ್ಕೆ ಬಹಳ ಮೊದಲೇ ನೂರಾರು ಕಡೆ ಸೋರಿ ಒತ್ತಡ ಇಳಿದಿರುತ್ತಿತ್ತು. ಜೊತೆಗೆ ನೀರು ಕಡಿಮೆಯಾದರೆ ಕರಗಿ ಉಗಿ ಹೊರಬಿಡುವ ಪ್ಲಗ್ ಇತ್ತು. ಜೀವಕ್ಕೆ ಅಪಾಯ ಕಡಿಮೆ, ಜೇಬಿಗೆ ಅಪಾಯ ಹೆಚ್ಚು: ಹಾಗೆ ಸುಟ್ಟ ಬಾಯ್ಲರನ್ನು ಬಿಚ್ಚಿ ಕೊಳವೆಗಳನ್ನು ಮತ್ತೆ ಬಿಗಿಯಬೇಕು, ಇಲ್ಲವೇ ಹೊಸದು ಕೊಳ್ಳಬೇಕು.

ಇನ್ನು ಆ ಇಪ್ಪತ್ತು ನಿಮಿಷ. ಪಂಪ್ ಸ್ಟೋವ್ ಅಥವಾ ಪೆಟ್ರೋಮ್ಯಾಕ್ಸ್ ಹೊತ್ತಿಸಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಸ್ಟ್ಯಾನ್ಲಿಯ ಬರ್ನರ್ ಅದೇ ಜಾತಿಯದು: ಎಣ್ಣೆ ಮೊದಲು ಕಾದು ಆವಿಯಾಗಬೇಕು, ಆಮೇಲೆ ಗಾಳಿಯೊಂದಿಗೆ ಬೆರೆತು ನೀಲಿ ಜ್ವಾಲೆಯಾಗಿ ಉರಿಯಬೇಕು. ತಣ್ಣಗಿನ ಕಾರನ್ನು ಹೊರಡಿಸುವುದಾದರೆ ಮೊದಲು ಬಾಯ್ಲರಿನಲ್ಲಿ ನೀರಿನ ಮಟ್ಟ ನೋಡಬೇಕು. ಇದನ್ನು ಮರೆತು ಬೆಂಕಿ ಹಚ್ಚಿದರೆ ಮೇಲೆ ಹೇಳಿದ ಗತಿ. ಆಮೇಲೆ ಕೈಪಂಪಿನಿಂದ ಇಂಧನಕ್ಕೆ ಗಾಳಿಯ ಒತ್ತಡ ಕೊಡಬೇಕು. ಪೈಲಟ್ ಎಂಬ ಸಣ್ಣ ಬರ್ನರನ್ನು ಟಾರ್ಚಿನ ಜ್ವಾಲೆಯಿಂದ ಒಂದೆರಡು ನಿಮಿಷ ಕಾಯಿಸಿ ಅದರ ವಾಲ್ವ್ ತೆರೆಯಬೇಕು. ಕೊನೆಯ ಮಾದರಿಗಳಲ್ಲಿ ದೊಡ್ಡ ಬರ್ನರಿಗೆ ಸೀಮೆಎಣ್ಣೆ, ಪೈಲಟಿಗೆ ಬೇರೆ ಟ್ಯಾಂಕಿನ ಪೆಟ್ರೋಲ್. ಪೈಲಟ್ ನೀಲಿಯಾಗಿ ನಿಂತು, ದೊಡ್ಡ ಬರ್ನರಿನ ಆವಿ ಕೊಳವೆ ಚೆನ್ನಾಗಿ ಬಿಸಿಯಾದ ಮೇಲಷ್ಟೇ ಮುಖ್ಯ ವಾಲ್ವನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸಬೇಕು. ಅವಸರಪಟ್ಟರೆ ಎಣ್ಣೆ ಆವಿಯಾಗದೆ ದ್ರವವಾಗಿಯೇ ಸುರಿದು, ಕಾರಿನ ಮುಂಭಾಗ ಹಳದಿ ಜ್ವಾಲೆಯಿಂದ ಉರಿಯತೊಡಗುತ್ತದೆ. ಬಾಯ್ಲರ್ ಸಿಡಿಯಿತು ಎಂಬ ಸುದ್ದಿಗಳಿಗೆ ಈ ದೃಶ್ಯವೂ ಒಂದು ಕಾರಣವಾಗಿರಬೇಕು.

ಉಗಿ ಏರಲು ಹದಿನೈದು ಇಪ್ಪತ್ತು ನಿಮಿಷ. ಆಗಲೂ ಹೊರಡುವಂತಿಲ್ಲ. ತಣ್ಣಗಿನ ಸಿಲಿಂಡರಿಗೆ ಹೋದ ಉಗಿ ನೀರಾಗುತ್ತದೆ. ನೀರು ಕುಗ್ಗುವ ವಸ್ತುವಲ್ಲ, ಪಿಸ್ಟನ್ ಅದನ್ನು ಜೋರಾಗಿ ಒತ್ತಿದರೆ ಸಿಲಿಂಡರಿನ ತಲೆಯೇ ಒಡೆಯಬಹುದು. ಅದಕ್ಕೆ ಡ್ರೈನ್ ತೆರೆದಿಟ್ಟು, ಕಾರನ್ನು ಒಂದೆರಡು ಅಡಿ ಹಿಂದಕ್ಕೆ ಮುಂದಕ್ಕೆ ಆಡಿಸಿ ನೀರನ್ನು ಹೊರಹಾಕಬೇಕು. ಗೊತ್ತಿದ್ದವರು ಪೈಲಟನ್ನು ರಾತ್ರಿಯಿಡೀ ಉರಿಯಲು ಬಿಟ್ಟು ಬೆಳಗಿನ ಕೆಲಸ ತಪ್ಪಿಸಿಕೊಳ್ಳುತ್ತಿದ್ದರು. ಆದರೆ ಗಾಳಿಗೆ ಪೈಲಟ್ ಆರಿದರೆ, ಅಥವಾ ಮಸಿ ಕಟ್ಟಿದರೆ, ಮತ್ತೆ ಮೊದಲಿಂದ. ಸ್ಟೋವಿನ ನಿಪ್ಪಲ್‌ಗೆ ಪಿನ್ ಹಾಕುವಂತೆ ಇಲ್ಲೂ ಆವಿ ಕೊಳವೆಯ ಮಸಿ ತೆಗೆಯುತ್ತಲೇ ಇರಬೇಕಿತ್ತು. ಓಡಿಸಿ ಬಂದ ಮೇಲೆ ಒತ್ತಡ ಇರುವಾಗಲೇ ತಳದ ವಾಲ್ವ್ ತೆರೆದು ಕೆಸರು ಊದಿಬಿಡಬೇಕು. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆಯೇ ಬಾಯ್ಲರಿನಲ್ಲೂ ಕಟ್ಟುತ್ತದೆ.

ನೀರಿನ ಲೆಕ್ಕ ಇನ್ನೂ ಕಷ್ಟ. ಬಳಸಿದ ಉಗಿ ಹೊರಗೆ ಹೋಗುತ್ತಿತ್ತು. ಖರ್ಚು ಕಿಲೋಮೀಟರಿಗೆ ಎರಡು ಲೀಟರಿಗೂ ಹೆಚ್ಚು, ಟ್ಯಾಂಕ್ ಸುಮಾರು 95 ಲೀಟರ್. ಹಳ್ಳ ಕಂಡಲ್ಲಿ, ಕುದುರೆಗಳಿಗೆಂದು ಕಟ್ಟಿದ ತೊಟ್ಟಿ ಕಂಡಲ್ಲಿ ಕೊಳವೆ ಬಿಟ್ಟು ಉಗಿಯ ಬಲದಿಂದಲೇ ನೀರು ಎಳೆದುಕೊಳ್ಳುವ ಸಾಧನ ಕಾರಿನಲ್ಲಿತ್ತು. 1914ರಲ್ಲಿ ಕಾಲುಬಾಯಿ ರೋಗ ಹರಡಿ ಹಲವೆಡೆ ಆ ತೊಟ್ಟಿಗಳನ್ನೇ ಬರಿದು ಮಾಡಿದರು.

ಕಾರು ಶುರುವಾದ ಕಾಲದಲ್ಲಿ ಈ ಕಷ್ಟ ದೊಡ್ಡದೆನಿಸಿರಲಿಲ್ಲ, ಏಕೆಂದರೆ ಪೆಟ್ರೋಲ್ ಕಾರಿನ ಕಷ್ಟವೂ ಅಷ್ಟೇ ಇತ್ತು. ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು, ಹ್ಯಾಂಡಲ್ ಹಿಂದಕ್ಕೆ ಒದ್ದರೆ ಕೈಮೂಳೆ ಮುರಿಯುತ್ತಿತ್ತು. 1912ರ ಕ್ಯಾಡಿಲ್ಯಾಕ್‌ಗೆ ಚಾರ್ಲ್ಸ್ ಕೆಟರಿಂಗ್ ಅವರ ವಿದ್ಯುತ್ ಸ್ಟಾರ್ಟರ್ ಬಂತು. ಆ ಹೊತ್ತಿನಿಂದ ಒಂದು ಗುಂಡಿ ಒತ್ತುವ ಕೆಲಸಕ್ಕೂ ಟಾರ್ಚ್ ಹಿಡಿದು ಕೂರುವ ಕೆಲಸಕ್ಕೂ ಹೋಲಿಕೆ ಶುರುವಾಯಿತು. 1913ರಲ್ಲಿ ಫೋರ್ಡ್ ಹೈಲ್ಯಾಂಡ್ ಪಾರ್ಕ್‌ನಲ್ಲಿ ಚಲಿಸುವ ಜೋಡಣಾ ಸಾಲು ಹಾಕಿ, ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಚಾಸಿ ಜೋಡಣೆಯನ್ನು ಮುಂದಿನ ವರ್ಷದೊಳಗೆ 93 ನಿಮಿಷಕ್ಕೆ ಇಳಿಸಿದ. ಸ್ಟ್ಯಾನ್ಲಿಯವರು ಕೈಕೆಲಸದ ಕಾರ್ಖಾನೆಯನ್ನೇ ನೆಚ್ಚಿದರು. ಅವರ ಉತ್ಪಾದನೆ ವರ್ಷಕ್ಕೆ ಸಾವಿರ ಕಾರು ಮುಟ್ಟಲೇ ಇಲ್ಲ. ಫೋರ್ಡ್ ಕಾರ್ಖಾನೆಗೆ ಅದು ಒಂದು ದಿನದ ಕೆಲಸ. ನಮ್ಮ ದೃಷ್ಟಿಯಲ್ಲಿ ಕಂಪನಿಯ ದೊಡ್ಡ ತಪ್ಪು 1908ರಿಂದ 1914ರವರೆಗಿನ ಈ ಸುಮ್ಮನಿರುವಿಕೆ. ಹೆಸರೂ ಹಣವೂ ಕೈಯಲ್ಲಿದ್ದಾಗಲೇ ಬರ್ನರನ್ನೂ ನೀರಿನ ವ್ಯವಸ್ಥೆಯನ್ನೂ ಸುಧಾರಿಸಬೇಕಿತ್ತು.

1915ರಲ್ಲಿ ಕೊನೆಗೂ ಕಂಡೆನ್ಸರ್ ಬಂತು. ಬಳಸಿದ ಉಗಿ ಕಾರಿನ ಮೂತಿಯಲ್ಲಿದ್ದ ರೇಡಿಯೇಟರಿನಂಥ ಪೆಟ್ಟಿಗೆಯಲ್ಲಿ ತಣಿದು ನೀರಾಗಿ ಟ್ಯಾಂಕಿಗೆ ಮರಳುತ್ತಿತ್ತು. ಒಂದು ಟ್ಯಾಂಕಿಗೆ 200 ಕಿ.ಮೀ.ಗೂ ಹೆಚ್ಚು ಓಡಬಹುದಾಯಿತು. ಆದರೆ ಹೊಸ ಕಾಟವೂ ಜೊತೆಗೇ ಬಂತು. ಉಗಿ ಎಂಜಿನ್ನಿನಲ್ಲಿ ಸಿಲಿಂಡರಿಗೆ ಹಾಕುವ ಎಣ್ಣೆ ಉಗಿಯ ಜೊತೆಗೇ ಹೊರಬರುತ್ತದೆ. ಮೊದಲು ಅದು ರಸ್ತೆಪಾಲಾಗುತ್ತಿತ್ತು, ಈಗ ನೀರಿನೊಂದಿಗೆ ಬಾಯ್ಲರಿಗೇ ಮರಳತೊಡಗಿತು. ಲೋಹದ ಮೇಲೆ ಕೂತ ಎಣ್ಣೆಯ ಪದರ ಶಾಖವನ್ನು ನೀರಿಗೆ ದಾಟಲು ಬಿಡುವುದಿಲ್ಲ. ಹೀಗಾಗಿ ನೀರು ತುಂಬಿದ್ದರೂ ಕೊಳವೆ ಸುಟ್ಟು ಸೋರುತ್ತಿತ್ತು. ಇದಕ್ಕೆ ಮೇಲೆ, ಕಾರು ದಪ್ಪವಾಯಿತು, ಭಾರವಾಯಿತು, ಎಂಜಿನ್ ಮಾತ್ರ ಅದೇ 20 ಅಶ್ವಶಕ್ತಿಯದು. ರೇಸು ಗೆದ್ದ ಹೆಸರಿನ ಕಾರು ಈಗ ನಿಧಾನದ ಕಾರಾಯಿತು.

1917ರಲ್ಲಿ ಅಣ್ಣತಮ್ಮಂದಿರು ಕಂಪನಿಯಿಂದ ಹಿಂದೆ ಸರಿದರು. ಮರುವರ್ಷ ಜುಲೈ 31ರಂದು, ಎದುರಿಗೆ ಅಕ್ಕಪಕ್ಕ ಬರುತ್ತಿದ್ದ ರೈತರ ಗಾಡಿಗಳನ್ನು ತಪ್ಪಿಸಲು ಹೋಗಿ ಫ್ರಾನ್ಸಿಸ್ ಸೌದೆ ರಾಶಿಗೆ ಕಾರು ಗುದ್ದಿ ತೀರಿಕೊಂಡರು. ಫ್ರೀಲನ್ 1940ರವರೆಗೆ ಬದುಕಿದ್ದರು. 1924ರಲ್ಲಿ ಸ್ಟ್ಯಾನ್ಲಿ ಸೆಡಾನ್ ಬೆಲೆ 3,950 ಡಾಲರ್, ಫೋರ್ಡ್ ಮಾಡೆಲ್ ಟಿ 500 ಡಾಲರಿಗೂ ಕಡಿಮೆ. ಆ ವರ್ಷವೇ ಕಾರ್ಖಾನೆ ಬೇರೆಯವರ ಕೈಸೇರಿ ಹಳೆಯ ಕಂಪನಿ ಮುಗಿಯಿತು.

ಬೆಳಗಿನ ಇಪ್ಪತ್ತು ನಿಮಿಷವನ್ನು ಯಾರೂ ಗೆಲ್ಲಲಾಗಲಿಲ್ಲವೇ ಎಂದು ಕೇಳಿದರೆ, ಗೆದ್ದವರಿದ್ದರು. ಎಬ್ನರ್ ಡೋಬಲ್ 1920ರ ದಶಕದಲ್ಲಿ ಮಾಡಿದ ಉಗಿ ಕಾರು ವಿದ್ಯುತ್ ಕಿಡಿಯಿಂದ ಹೊತ್ತಿಕೊಂಡು ಒಂದೆರಡು ನಿಮಿಷದೊಳಗೆ ಹೊರಡುತ್ತಿತ್ತು. ಬೆಲೆ ವಿಪರೀತ, ತಯಾರಾದದ್ದು ಕೆಲವೇ ಡಜನ್. ಇನ್ನೊಂದು ದಾರಿ ಹಿಡಿದದ್ದು ಕ್ಲೀವ್‌ಲ್ಯಾಂಡಿನ ವೈಟ್ ಕಂಪನಿ. ಸ್ಟ್ಯಾನ್ಲಿಗೆ ಉಗಿಯಲ್ಲಿ ದೊಡ್ಡ ಪೈಪೋಟಿ ಕೊಟ್ಟಿದ್ದ ಅದು 1910ರ ಸುಮಾರಿಗೆ ಪೆಟ್ರೋಲ್ ಎಂಜಿನ್ನಿಗೆ ಬದಲಾಗಿ, ಅನೇಕ ದಶಕ ಲಾರಿಗಳನ್ನು ಮಾಡುತ್ತ ಉಳಿಯಿತು.