ಹೆಲ್ಮೆಟ್ಟಿಗೂ ವೀಸಾ ಬೇಕು

ಆಗಸ್ಟ್ ಬಂತೆಂದರೆ ಮೈಸೂರಿನ ನನ್ನ ಹೆಲ್ಮೆಟ್ ಅಂಗಡಿಗೆ ಒಂದೇ ಬಗೆಯ ಗಿರಾಕಿಗಳು. ಎಂಜಿನಿಯರಿಂಗ್ ಮುಗಿಸಿ ಹೊರದೇಶಕ್ಕೆ ಎಂ.ಎಸ್. ಮಾಡಲು ಹೊರಟ ಹುಡುಗ, ಜೊತೆಗೆ ಅಪ್ಪ ಅಮ್ಮ, ಕೆಲವೊಮ್ಮೆ ಸೋದರಮಾವ. ಕುಕ್ಕರ್, ಸ್ವೆಟರ್, ಚಟ್ನಿಪುಡಿಯ ಪಟ್ಟಿಯಲ್ಲಿ ಹೆಲ್ಮೆಟ್ಟೂ ಸೇರಿರುತ್ತದೆ. ‘ಅಲ್ಲಿ ಎಲ್ಲವೂ ದುಬಾರಿಯಂತೆ, ಇರುವುದರಲ್ಲಿ ಒಳ್ಳೆಯದು ಕೊಡಿ’ ಎನ್ನುತ್ತಾರೆ. ಇಲ್ಲಿ ಕೊಳ್ಳಬೇಡಿ ಎಂದರೆ, ಬೆಲೆ ಏರಿಸಲು ಹೂಡಿದ ಆಟ ಎಂದುಕೊಳ್ಳುತ್ತಾರೆ.

ಹೆಲ್ಮೆಟ್ ಗಟ್ಟಿಯೇ ಎಂಬುದು ಒಂದು ಪ್ರಶ್ನೆ. ಆ ದೇಶದ ಕಾನೂನು ಅದನ್ನು ಹೆಲ್ಮೆಟ್ ಎಂದು ಒಪ್ಪುತ್ತದೆಯೇ ಎಂಬುದು ಬೇರೆಯದೇ ಪ್ರಶ್ನೆ. ನಮ್ಮಲ್ಲಿ ಐಎಸ್ 4151 ಮಾನದಂಡದ ಐಎಸ್‌ಐ ಗುರುತು ಬೇಕು. 2021ರ ಜೂನ್ 1ರಿಂದ ಅದಿಲ್ಲದ ಹೆಲ್ಮೆಟ್ ಮಾರುವಂತಿಲ್ಲ. ಬ್ರಿಟನ್ನಿನಲ್ಲಿ ಇಸಿಇ (ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ ಮಾನದಂಡ) 22.05 ಅಥವಾ ಅದರ ನಂತರದ್ದು, ಇಲ್ಲವೇ ಅವರದೇ ಹಳೆಯ ಬ್ರಿಟಿಷ್ ಮಾನದಂಡ. ಆಸ್ಟ್ರೇಲಿಯಾದಲ್ಲಿ ಅವರದೇ 1698 ಎಂಬ ಮಾನದಂಡ ಅಥವಾ ಇಸಿಇ. ಅಮೆರಿಕದಲ್ಲಿ ಅಲ್ಲಿನ ಸಾರಿಗೆ ಇಲಾಖೆಯ ಡಿಓಟಿ ಗುರುತು. ಐಎಸ್‌ಐ ಇವುಗಳಲ್ಲಿ ಯಾವುದಕ್ಕೂ ಬದಲಿಯಲ್ಲ. ಹಾಗೆಂದು ಐಎಸ್‌ಐ ಕಳಪೆ ಎಂದು ನಾನು ಹೇಳುತ್ತಿಲ್ಲ. ಆದರೆ ಅಪಘಾತವಾದ ಮೇಲೆ ವಿಮೆಯವರು ಗುರುತು ಹುಡುಕಿದರೆ ‘ಮೈಸೂರಿನಲ್ಲಿ ಐದು ಸಾವಿರ ಕೊಟ್ಟಿದ್ದೇನೆ’ ಎಂಬ ಮಾತು ನಡೆಯುವುದು ಅನುಮಾನ. ನಾನು ವಕೀಲನಲ್ಲ, ನಿಯಮಗಳೂ ಬದಲಾಗುತ್ತಿರುತ್ತವೆ. ಹೊರಡುವ ಮುನ್ನ ಆಯಾ ದೇಶದ ಸಾರಿಗೆ ಇಲಾಖೆಯ ಜಾಲತಾಣ ನೋಡಿ.

ಕಳೆದ ವರ್ಷ ಮಂಡ್ಯದ ಕಡೆಯ ಗೌಡರೊಬ್ಬರು ಬಂದಿದ್ದರು. ಕಬ್ಬಿನ ಬೆಳೆಗಾರರು. ನಮ್ಮ ಯಾದವಗಿರಿಯ ಕಾರ್ಖಾನೆಯಲ್ಲೇ ತಯಾರಾದ ಯೆಜ್ಡಿ ಬೈಕನ್ನು ಈಗಲೂ ಓಡಿಸುತ್ತಾರೆ. ಆ ಕಾರ್ಖಾನೆ 1996ರಲ್ಲಿ ಮುಚ್ಚಿದ್ದನ್ನು ಮನೆಯ ಸಾವಿನಂತೆ ಹೇಳುತ್ತಾರೆ. ಮಗ ಇಂಗ್ಲೆಂಡಿಗೆ ಹೊರಟಿದ್ದ. ಐಎಸ್‌ಐ, ಡಿಓಟಿ ಎರಡೂ ಇದ್ದ ಹೆಲ್ಮೆಟ್ ಎತ್ತಿಕೊಂಡು, ‘ಅಮೆರಿಕಕ್ಕೇ ಆಗುತ್ತದೆ ಎಂದ ಮೇಲೆ ಇಂಗ್ಲೆಂಡಿಗೆ ಆಗದೇ ಸ್ವಾಮಿ?’ ಎಂದರು. ಆಗುವುದಿಲ್ಲ ಗೌಡರೇ. ಡಿಓಟಿ ಪದ್ಧತಿಯಲ್ಲಿ ತಯಾರಕನೇ ‘ನನ್ನ ಮಾಲು ಸರಿಯಿದೆ’ ಎಂದು ಗುರುತು ಹಾಕಿಕೊಳ್ಳುತ್ತಾನೆ. ಸರ್ಕಾರ ಆಮೇಲೆ ಮಾರುಕಟ್ಟೆಯಿಂದ ಕೆಲವನ್ನು ಕೊಂಡು ಪರೀಕ್ಷಿಸುತ್ತದೆ. ಇಸಿಇಯಲ್ಲಿ ಮೊದಲು ಪ್ರಯೋಗಾಲಯ, ಆಮೇಲೆ ಅಂಗಡಿ. ಇದನ್ನು ಅರ್ಧ ಗಂಟೆ ವಿವರಿಸಿದೆ. ಎಲ್ಲವನ್ನೂ ಕೇಳಿದ ಗೌಡರು, ‘ಸರಿ, ಹಾಗಾದರೆ ಇದಕ್ಕಿಂತ ದುಬಾರಿಯದು ತೋರಿಸಿ’ ಎಂದರು!

ಬೆಲೆ ನೋಡಬೇಡಿ, ಕಂಪನಿಯ ಹೆಸರೂ ಸಾಲದು. ಒಂದೇ ಹೆಸರಿನ ಮಾದರಿಗೆ ಇಲ್ಲೊಂದು ಗುರುತು, ರಫ್ತಿಗೆ ಇನ್ನೊಂದು ಇರಬಹುದು. ಗಲ್ಲದ ಪಟ್ಟಿಯನ್ನು ಮಗುಚಿ ನೋಡಿ. ಇಸಿಇ ಹೆಲ್ಮೆಟ್ಟಾದರೆ ಪಟ್ಟಿಗೆ ಹೊಲಿದ ಸಣ್ಣ ಬಟ್ಟೆಯ ಚೀಟಿಯಲ್ಲಿ ಒಂದು ವೃತ್ತ, ಅದರೊಳಗೆ ಇಂಗ್ಲಿಷಿನ ‘ಇ’ ಅಕ್ಷರ ಮತ್ತೊಂದು ಅಂಕಿ ಇರಬೇಕು. 1 ಎಂದರೆ ಜರ್ಮನಿ, 3 ಇಟಲಿ, 9 ಸ್ಪೇನ್. ಅದು ಒಪ್ಪಿಗೆ ಕೊಟ್ಟ ದೇಶ, ತಯಾರಾದ ದೇಶವಲ್ಲ. ಪಕ್ಕದ ಉದ್ದನೆಯ ಸಂಖ್ಯೆ 06ರಿಂದ ಶುರುವಾದರೆ ಹೊಸ ನಿಯಮದ್ದು (22.06), 05 ಆದರೆ ಹಳೆಯದು (22.05). ಹೊಸದರಲ್ಲಿ ತಲೆ ತಿರುಚುವ ಹೊಡೆತದ ಪರೀಕ್ಷೆಯೂ ಇದೆ. ಈಗ ಕೊಳ್ಳುವವರು 06 ಇರುವುದನ್ನೇ ಕೊಳ್ಳಿ. ಆ ಚೀಟಿ ಕುತ್ತಿಗೆಗೆ ಚುಚ್ಚುತ್ತದೆ ಎಂದು ಕತ್ತರಿಸಿ ಬಿಸಾಡಿದ ಜಾಣರನ್ನೂ ಕಂಡಿದ್ದೇನೆ.

ಇಲ್ಲೂ ಇಸಿಇ ಗುರುತಿನವು ಸಿಗುತ್ತವಲ್ಲ ಎನ್ನುತ್ತೀರಿ. ಸಿಗುತ್ತವೆ. ಆದರೂ ಅಲ್ಲೇ ಕೊಳ್ಳಿ. ತಲೆಗೆ ಬಿಗಿ ಸರಿಹೋಗದಿದ್ದರೆ ಬದಲಾಯಿಸಲು ಇಂಗ್ಲೆಂಡಿನಿಂದ ನನ್ನ ಅಂಗಡಿಗೆ ಬರುತ್ತೀರಾ? ಅಲ್ಲಿನ ಸರ್ಕಾರವೇ ಹೆಲ್ಮೆಟ್ಟುಗಳನ್ನು ಪರೀಕ್ಷಿಸಿ ‘ಶಾರ್ಪ್’ ಎಂಬ ಯೋಜನೆಯಡಿ ಐದರವರೆಗೆ ನಕ್ಷತ್ರ ಕೊಡುತ್ತದೆ. ಅಗ್ಗದವಕ್ಕೂ ಐದು ಸಿಕ್ಕಿದ್ದುಂಟು. ಅಲ್ಲಿ ಬೈಕ್ ಕಲಿಸುವ ಶಾಲೆಗಳು ತರಬೇತಿಗೆ ಸಾಮಾನ್ಯವಾಗಿ ಹೆಲ್ಮೆಟ್ ಕೊಡುತ್ತವೆ. ಅಲ್ಲಿಗೆ ಹೋದ ಮೊದಲ ವಾರವೇ ಬೈಕ್ ಏರುವ ಅವಸರ ಯಾರಿಗೂ ಇರುವುದಿಲ್ಲ, ಅಪ್ಪನನ್ನು ಬಿಟ್ಟರೆ.

ಜಾಕೆಟ್ ಬಗ್ಗೆ ಚಿಕ್ಕದಾಗಿ: ‘ಸಿಇ ಜಾಕೆಟ್’ (ಸಿಇ ಎಂದರೆ ಯುರೋಪಿನ ಸುರಕ್ಷತಾ ಗುರುತು) ಎಂದು ಮಾರುವುದರಲ್ಲಿ ಎಷ್ಟೋ ಸಲ ಮೊಣಕೈ, ಭುಜದ ಪ್ಯಾಡಿಗಷ್ಟೇ ಸಿಇ ಇರುತ್ತದೆ. ಇಡೀ ಉಡುಪಿಗೆ ಇಎನ್ 17092 ಎಂಬ ಯುರೋಪಿನ ಮಾನದಂಡದ ಚೀಟಿ ಬೇರೆ ಇರಬೇಕು. ನಮ್ಮ ಬಿಸಿಲಿಗೆ ಹೊಲಿದ ಜಾಲರಿ ಜಾಕೆಟ್ ಅಲ್ಲಿನ ನವೆಂಬರಿಗೆ ಆಗದು. ಫ್ರಾನ್ಸಿನಲ್ಲಿ 2016ರಿಂದ ಸಿಇ ಗುರುತಿನ ಕೈಗವಸೂ ಕಡ್ಡಾಯ. ಮಳೆ ಅಂಗಿ, ಹೆಲ್ಮೆಟ್ಟಿನೊಳಗೆ ಹಾಕುವ ಬಟ್ಟೆಯ ತಲೆಗವಸು ಬೇಕಾದರೆ ಇಲ್ಲೇ ಕೊಳ್ಳಿ, ಸಂತೋಷ.

ಇಷ್ಟೆಲ್ಲ ಹೇಳಿದರೂ ಒಯ್ಯುವವರು ಒಯ್ಯುತ್ತಾರೆ. ಅವರ ತಾಯಂದಿರಲ್ಲಿ ಒಂದು ವಿನಂತಿ. ಹೆಲ್ಮೆಟ್ಟಿನ ಒಳಗೆ ಜಾಗ ಖಾಲಿಯಿದೆ ಎಂದು ಸಾರಿನ ಪುಡಿಯ ಸ್ಟೀಲ್ ಡಬ್ಬಿ ತುರುಕಬೇಡಿ. ಒಳಗಿನ ಥರ್ಮೋಕೋಲ್ ಒಮ್ಮೆ ಕುಗ್ಗಿದರೆ ಮತ್ತೆ ಉಬ್ಬುವುದಿಲ್ಲ, ಹೊರಗಿನಿಂದ ಕಾಣುವುದೂ ಇಲ್ಲ. ಕಾಲುಚೀಲ, ಬನಿಯನ್ ತುಂಬಿ. ಆದಷ್ಟೂ ಕೈಚೀಲದಲ್ಲೇ ಒಯ್ಯಿರಿ, ವಿಮಾನದವರನ್ನು ಮೊದಲೇ ಕೇಳಿ. ಮತ್ತೆ ಹುಡುಗರೇ, ಆ ಕಾಮನಬಿಲ್ಲಿನ ಬಣ್ಣದ ಕಪ್ಪು ವೈಸರ್ ಇಲ್ಲೇ ಬಿಟ್ಟುಹೋಗಿ. ಬ್ರಿಟನ್ನಿನಲ್ಲಿ ಅರ್ಧದಷ್ಟಾದರೂ ಬೆಳಕು ಬಿಡದ ವೈಸರ್ ರಸ್ತೆಗೆ ನಿಷಿದ್ಧ, ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲೆ ಬೇರೆ.